ಆಸ್ಟ್ರೇಲಿಯಾ ಎಲೆಕ್ಷನ್ ರಿಸಲ್ಟ್ ಓದೋದು ಹೇಗೆ: ಸೀಟು, ಮಾರ್ಜಿನ್ನು, ಸ್ವಿಂಗು

2025ರ ಮೇ 3ಕ್ಕೆ ನಡೆದ ಫೆಡರಲ್ ಎಲೆಕ್ಷನ್ನಲ್ಲಿ ಮೆಲ್ಬರ್ನ್ ಅನ್ನೋ ಸೀಟಿನ ರಿಸಲ್ಟ್ ಒಂದ್ಸಲ ತೆಗೆದು ನೋಡಿ. ಆಗ ಗ್ರೀನ್ಸ್ ಪಾರ್ಟಿ ಲೀಡರ್ ಆಗಿದ್ದ ಆಡಮ್ ಬ್ಯಾಂಟ್‌ಗೆ ಸುಮಾರು 39 ಪರ್ಸೆಂಟ್ ಓಟು, ಲೇಬರ್ ಪಾರ್ಟಿಯ ಸಾರಾ ವಿಟ್ಟಿಗೆ 31ರ ಆಸುಪಾಸು. ಕರ್ನಾಟಕದ ಲೆಕ್ಕದಲ್ಲಾದ್ರೆ ಇಷ್ಟೊತ್ತಿಗೆ ಪಟಾಕಿ ಹೊಡೆದು ಮೆರವಣಿಗೆ ಹೊರಟಾಗಿರ್ತಿತ್ತು. ಇಲ್ಲಿ ಗೆದ್ದಿದ್ದು ಸಾರಾ ವಿಟ್ಟಿ, 2010ರಿಂದ ಆ ಸೀಟಲ್ಲಿ ಕೂತಿದ್ದ ಬ್ಯಾಂಟ್ ಮನೆಗೆ ಹೋದ್ರು. ಹೊಸದಾಗಿ ಬಂದ ನಮ್ಮೋರು ಇದನ್ನ ನೋಡಿ "ಏನ್ರೀ ಇದು, ಜಾಸ್ತಿ ಓಟು ತಗೊಂಡೋನು ಸೋಲೋದಾ" ಅಂತ ಕೇಳೋದು ಸಹಜ. ಇಲ್ಲಿ ಮೋಸ ಏನೂ ನಡೆದಿಲ್ಲ, ನಾವು ಮೊದಲು ಕಣ್ಣು ಹಾಕೋ ಕಾಲಮ್ಮೇ ಬೇರೆ, ಸೀಟು ತೀರ್ಮಾನ ಆಗೋ ಕಾಲಮ್ಮೇ ಬೇರೆ, ಅಷ್ಟೇ.

ಮೊದಲು ಓಟು ಎಣಿಸೋ ವಿಷಯ. ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್ ಅಂದ್ರೆ ನಮ್ಮ ಲೋಕಸಭೆ ಇದ್ದಂಗೆ, ಈಗ 150 ಸೀಟು, ಬಹುಮತಕ್ಕೆ 76 ಬೇಕು, ಒಂದೊಂದು ಸೀಟಿಗೆ ಒಬ್ಬೊಬ್ಬ ಎಂಪಿ. ಓಟು ಹಾಕೋವಾಗ ಒಬ್ಬರಿಗೆ ಮಾತ್ರ ಗುರುತು ಹಾಕಿ ಬರೋ ಹಂಗಿಲ್ಲ, ಎಲ್ಲಾ ಅಭ್ಯರ್ಥಿಗಳಿಗೂ 1, 2, 3 ಅಂತ ನಂಬರ್ ಕೊಡ್ಬೇಕು. 1918ರಿಂದ ಇದೇ ಪದ್ಧತಿ. 1 ಅಂತ ಯಾರಿಗೆ ಹಾಕಿದ್ರೋ ಅದು ಪ್ರೈಮರಿ ಓಟು. ಯಾರಿಗಾದ್ರೂ ಪ್ರೈಮರಿಯಲ್ಲೇ ಅರ್ಧಕ್ಕಿಂತ ಜಾಸ್ತಿ ಬಂದ್ರೆ ಗೆದ್ದಂಗೆ. ಬರ್ಲಿಲ್ಲ ಅಂದ್ರೆ ಕೊನೆಯಲ್ಲಿರೋ ಅಭ್ಯರ್ಥಿಯನ್ನ ತೆಗೆದು, ಅವರಿಗೆ 1 ಹಾಕಿದೋರು 2 ಯಾರಿಗೆ ಹಾಕಿದಾರೆ ನೋಡಿ ಆ ಓಟು ಅವರಿಗೆ ಕೊಡ್ತಾರೆ, ಆಮೇಲೆ ಅದರ ಮೇಲಿನವರನ್ನ ತೆಗೀತಾರೆ, ಹಿಂಗೇ ಇಬ್ಬರು ಉಳಿಯೋವರೆಗೂ. ಆ ಇಬ್ಬರ ಮಧ್ಯೆ ಬರೋ ಅಂಕಿಯೇ ಟೂ ಕ್ಯಾಂಡಿಡೇಟ್ ಪ್ರಿಫರ್ಡ್, ಎಲ್ಲರೂ ಟಿಸಿಪಿ ಅಂತಾರೆ. ಮೆಲ್ಬರ್ನ್‌ನಲ್ಲಿ ಲಿಬರಲ್ ಪಾರ್ಟಿ ಮೂರನೇ ಜಾಗದಲ್ಲಿತ್ತು, ಅವರ ಓಟಲ್ಲಿ ಬಹಳಷ್ಟು ಲೇಬರ್ ಕಡೆ ಹರೀತು, ವಿಟ್ಟಿ 53 ಪರ್ಸೆಂಟಿಗೆ ಬಂದು ನಿಂತ್ರು.

ಹಂಗಾಗಿ ಇಲ್ಲಿನ ರಿಸಲ್ಟ್ ನೋಡೋವಾಗ ಮೊದಲನೇ ಸ್ಥಾನದಷ್ಟೇ ಮುಖ್ಯ ಮೂರನೇ ಸ್ಥಾನ. ಬ್ರಿಸ್ಬೇನ್‌ನ ಗ್ರಿಫಿತ್ ಸೀಟು ತಗೊಳ್ಳಿ. 2022ರಲ್ಲಿ ಅಲ್ಲಿ ಲೇಬರ್ ಮೂರನೇ ಸ್ಥಾನಕ್ಕೆ ಬಿತ್ತು, ಅವರ ಪ್ರಿಫರೆನ್ಸ್ (ಅಂದ್ರೆ 2, 3 ಅಂತ ಹಾಕಿದ ಮುಂದಿನ ಆಯ್ಕೆ) ಗ್ರೀನ್ಸ್‌ಗೆ ಹೋಗಿ ಮ್ಯಾಕ್ಸ್ ಚಾಂಡ್ಲರ್-ಮೇದರ್ ಗೆದ್ರು. 2025ರಲ್ಲಿ ಅವರ ಸ್ವಂತ ಓಟು ಅಂಥಾದ್ದೇನೂ ಕುಸೀಲಿಲ್ಲ, ಆದ್ರೆ ಈ ಸಲ ಮೂರನೇ ಸ್ಥಾನಕ್ಕೆ ಬಿದ್ದಿದ್ದು ಎಲ್‌ಎನ್‌ಪಿ (ಕ್ವೀನ್ಸ್‌ಲ್ಯಾಂಡ್‌ನಲ್ಲಿ ಲಿಬರಲ್ ಮತ್ತೆ ನ್ಯಾಷನಲ್ ಸೇರಿ ಆದ ಪಾರ್ಟಿ), ಅವರ ಪ್ರಿಫರೆನ್ಸ್ ಲೇಬರ್‌ನ ರೆನೆ ಕಾಫಿಗೆ ಹೋಯ್ತು, ಸೀಟು ಕೈಬಿಟ್ಟೋಯ್ತು. ಟಿವಿಯಲ್ಲಿ "ಗ್ರೀನ್ಸ್ ಧೂಳೀಪಟ" ಅಂತ ಎಷ್ಟೇ ಕೂಗಿದ್ರೂ ಒಳಗಿನ ಕಥೆ ಇದು. ನಾಲ್ಕು ಸೀಟಿಂದ ಒಂದಕ್ಕೆ ಇಳಿದ್ರು ಅನ್ನೋದು ನಿಜ, ಉಳಿದಿದ್ದು ಬ್ರಿಸ್ಬೇನ್ ಪಶ್ಚಿಮದ ರಯಾನ್ ಒಂದೇ.

ಇನ್ನೊಂದು ಅಂಕಿ ಇದೆ, ಟೂ ಪಾರ್ಟಿ ಪ್ರಿಫರ್ಡ್, ಅಂದ್ರೆ ಟಿಪಿಪಿ. ಕೊನೆಗೆ ಉಳಿದ ಇಬ್ಬರು ಯಾರೇ ಆಗಿರ್ಲಿ, ಆ ಸೀಟಿನ ಓಟನ್ನೆಲ್ಲ ಲೇಬರ್ ಮತ್ತೆ ಕೋಲಿಷನ್ (ಲಿಬರಲ್ ಮತ್ತೆ ನ್ಯಾಷನಲ್ ಪಾರ್ಟಿಗಳ ಕೂಟ) ಇವೆರಡರ ಮಧ್ಯೆ ಮಾತ್ರ ಹಂಚಿದ್ರೆ ಎಷ್ಟೆಷ್ಟು ಬರತ್ತೆ ಅನ್ನೋ ಲೆಕ್ಕ. ಇದರಿಂದ ಯಾರೂ ಗೆಲ್ಲಲ್ಲ, ಇಡೀ ದೇಶದ ಒಲವು ಯಾವ ಕಡೆ ಅಂತ ಅಳೆಯೋಕೆ ಇರೋದು. 2025ರಲ್ಲಿ ದೇಶದ ಲೆಕ್ಕದಲ್ಲಿ ಲೇಬರ್‌ಗೆ 55.2, ಕೋಲಿಷನ್‌ಗೆ 44.8. 2022ರಲ್ಲಿ ಲೇಬರ್‌ಗೆ ಇದ್ದಿದ್ದು 52.1. ಈ ಎರಡರ ವ್ಯತ್ಯಾಸ, ಸುಮಾರು 3 ಪರ್ಸೆಂಟ್, ಅದೇ ರಾಷ್ಟ್ರಮಟ್ಟದ ಸ್ವಿಂಗ್. ಈಗ ಪ್ರೈಮರಿ ನೋಡಿ, ಲೇಬರ್‌ಗೆ ಬಂದಿದ್ದು 34.6 ಮಾತ್ರ. ಸೀಟು ಎಷ್ಟು? 94! ಮೂರರಲ್ಲಿ ಒಂದು ಪಾಲು ಓಟು, ಮೂರರಲ್ಲಿ ಎರಡು ಪಾಲಿಗೆ ಹತ್ರ ಹತ್ರ ಸೀಟು. ಇದು ನ್ಯಾಯಾನಾ ಅನ್ನೋ ಜಗಳ ಇಲ್ಲಿನೋರ ಮಧ್ಯೆನೂ ಇದೆ, ನನಗೇನೋ ಬರೀ ಪ್ರೈಮರಿ ನೋಡಿ ಬೈಯೋದು ಅರ್ಧ ಲೆಕ್ಕ ಅನ್ಸತ್ತೆ, ಯಾಕಂದ್ರೆ ಉಳಿದೋರಲ್ಲಿ ಬಹಳ ಜನ 2ನೋ 3ನೋ ಅಂತ ಲೇಬರ್‌ಗೇ ಕೊಟ್ಟಿರ್ತಾರೆ.

ಮಾರ್ಜಿನ್ ವಿಷಯದಲ್ಲಿ ನಮ್ಮೋರು ಎಡವೋದು ಜಾಸ್ತಿ. ಇಂಡಿಯಾದಲ್ಲಿ ಒಬ್ಬರಿಗೆ 55, ಇನ್ನೊಬ್ಬರಿಗೆ 45 ಬಂದ್ರೆ ಅಂತರ 10 ಅಂತೀವಿ. ಇಲ್ಲಿ ಆ ಸೀಟಿನ ಮಾರ್ಜಿನ್ 5. ಯಾಕೆ ಅಂದ್ರೆ ಕೊನೆಗೆ ಇರೋರು ಇಬ್ಬರೇ, ಇವರಿಂದ ಒಂದು ಓಟು ಕಳಚಿದ್ರೆ ಅದು ಅವರಿಗೆ ಸೇರತ್ತೆ, ಹಂಗಾಗಿ 100ರಲ್ಲಿ 5ಕ್ಕಿಂತ ಸ್ವಲ್ಪ ಜಾಸ್ತಿ ಜನ ಆಕಡೆ ವಾಲಿದ್ರೆ ಸಾಕು ಸೀಟು ಮಗುಚತ್ತೆ. ಮಾರ್ಜಿನ್ ಅಂದ್ರೆ ಸೀಟು ಉಳಿಸಿಕೊಳ್ಳೋಕೆ ಇರೋ ತಡೆ, ಸ್ವಿಂಗ್ ಅಂದ್ರೆ ಅದಕ್ಕೆ ಬಂದು ಹೊಡೆಯೋ ಹೊಡೆತ. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಪೀಟರ್ ಡಟ್ಟನ್ ಅವರ ಡಿಕ್ಸನ್ ಸೀಟು ನೋಡಿದ್ರೆ ಲೆಕ್ಕ ಸರಿಯಾಗಿ ಕಾಣತ್ತೆ: ಹಳೇ ಮಾರ್ಜಿನ್ 1.7, ಅಂದ್ರೆ ಅವರು 51.7ರಲ್ಲಿ ಇದ್ರು, 2025ರಲ್ಲಿ 7.7 ಅವರ ವಿರುದ್ಧ ಸ್ವಿಂಗ್ ಆಯ್ತು, 44ಕ್ಕೆ ಬಂದ್ರು, ಲೇಬರ್‌ನ ಆಲಿ ಫ್ರಾನ್ಸ್ 56ಕ್ಕೆ ಹೋದ್ರು. 2001ರಿಂದ ಹಿಡಿದಿದ್ದ ಸೀಟು. ಫೆಡರಲ್ ಎಲೆಕ್ಷನ್ನಲ್ಲಿ ವಿರೋಧ ಪಕ್ಷದ ನಾಯಕರೇ ಸ್ವಂತ ಸೀಟು ಕಳ್ಕೊಂಡಿದ್ದು ಅದೇ ಮೊದಲು. ಪ್ರಧಾನಿಗಳು ಸೋತಿದ್ದುಂಟು, 1929ರಲ್ಲಿ ಸ್ಟ್ಯಾನ್ಲಿ ಬ್ರೂಸ್, 2007ರಲ್ಲಿ ಸಿಡ್ನಿಯ ಬೆನೆಲಾಂಗ್‌ನಲ್ಲಿ ಜಾನ್ ಹೋವರ್ಡ್.

ಎಇಸಿ, ಅಂದ್ರೆ ಇಲ್ಲಿನ ಚುನಾವಣಾ ಆಯೋಗ, 56ರ ಒಳಗೆ ಗೆದ್ದಿದ್ರೆ ಮಾರ್ಜಿನಲ್ ಸೀಟು ಅನ್ನತ್ತೆ, 56ರಿಂದ 60 ಪರವಾಗಿಲ್ಲ ಅನ್ನೋ ತರ ಸೇಫ್, 60ರ ಮೇಲಾದ್ರೆ ಪಕ್ಕಾ ಸೇಫ್. ಎಲ್ಲಾ ಸೀಟನ್ನೂ ಮಾರ್ಜಿನ್ ಪ್ರಕಾರ ಎರಡು ಕಡೆ ಜೋಡಿಸಿ ಒಂದು ಚಿತ್ರ ಮಾಡ್ತಾರೆ, ಅದಕ್ಕೆ ಪೆಂಡುಲಮ್ ಅಂತ ಹೆಸರು, ಮ್ಯಾಲ್ಕಂ ಮ್ಯಾಕೆರಸ್ ಅನ್ನೋರು ಅದನ್ನ ಜನಪ್ರಿಯ ಮಾಡಿದ್ದು. "3 ಪರ್ಸೆಂಟ್ ಸ್ವಿಂಗ್ ಆದ್ರೆ ಇಷ್ಟು ಸೀಟು ಬೀಳತ್ತೆ" ಅಂತ ಪೇಪರಲ್ಲಿ ಬರೆಯೋದು ಇದನ್ನ ಇಟ್ಕೊಂಡೇ. ಒಳ್ಳೇ ಅಂದಾಜು, ಆದ್ರೆ ಸ್ವಿಂಗ್ ಎಲ್ಲಾ ಕಡೆ ಒಂದೇ ತರ ಬೀಸಲ್ಲ. ಟಾಸ್ಮೇನಿಯಾದ ಬ್ರಾಡನ್‌ನಲ್ಲಿ ಲಿಬರಲ್‌ಗೆ 8 ಪರ್ಸೆಂಟ್ ಮಾರ್ಜಿನ್ ಇತ್ತು, ಹಳೇ ಎಂಪಿ ನಿವೃತ್ತಿ ಆದ್ರು, ಲೇಬರ್ ಕಡೆಯಿಂದ ಸೆನೆಟರ್ ಆಗಿದ್ದ ಆನ್ ಅರ್ಕ್ಹರ್ಟ್ ನಿಂತ್ರು, 15 ಪರ್ಸೆಂಟ್ ಸ್ವಿಂಗ್! ಅದೇ ದಿನ ವಿಕ್ಟೋರಿಯಾದ ಬೆಂಡಿಗೋದಲ್ಲಿ ಉಲ್ಟಾ, ಅಲ್ಲಿ ಲೇಬರ್‌ಗೆ 11ರ ಮೇಲೆ ಇದ್ದ ಮಾರ್ಜಿನ್ ನ್ಯಾಷನಲ್ಸ್ ಅಭ್ಯರ್ಥಿಯ ಎದುರು 1.4ಕ್ಕೆ ಇಳೀತು. ದೇಶ ಪೂರ್ತಿ ಲೇಬರ್ ಅಲೆ ಅಂತ ಹೇಳ್ತಿರೋವಾಗ ಅವರದೇ ಸೇಫ್ ಸೀಟು ಕೂದಲೆಳೆಯಲ್ಲಿ ಉಳೀತು. ಇಂಥಾವು ಸರಾಸರಿಯಲ್ಲಿ ಕಾಣೋದೇ ಇಲ್ಲ, ಸೀಟ್ ಸೀಟ್ ತೆಗೆದು ನೋಡ್ಬೇಕು.

ಸರಾಸರಿಯನ್ನ ನಂಬಿ ಕೂತ್ರೆ ಏನಾಗತ್ತೆ ಅನ್ನೋಕೆ 1998 ಒಳ್ಳೇ ಉದಾಹರಣೆ. ಕಿಮ್ ಬೀಜ್ಲಿಯವರ ಲೇಬರ್‌ಗೆ ದೇಶದ ಟಿಪಿಪಿ 50.98 ಬಂತು, ಸರ್ಕಾರ ಮಾಡಿದ್ದು ಕೋಲಿಷನ್‌ನ ಹೋವರ್ಡ್. ಸ್ವಿಂಗ್ ಚೆನ್ನಾಗೇ ಬಂದಿತ್ತು, ಬೇಕಾದ ಮಾರ್ಜಿನಲ್ ಸೀಟುಗಳಲ್ಲಿ ಸಾಲದೇ ಹೋಯ್ತು. ಇದು ನಮಗೇನು ಹೊಸದಲ್ಲ ಬಿಡಿ, ಕರ್ನಾಟಕದಲ್ಲಿ ಬಿಜೆಪಿಗೆ 2018ರಲ್ಲೂ 2023ರಲ್ಲೂ ಹೆಚ್ಚುಕಮ್ಮಿ 36 ಪರ್ಸೆಂಟೇ ಓಟು, ಸೀಟು ಮಾತ್ರ 104ರಿಂದ 66ಕ್ಕೆ ಬಂತಲ್ಲ.

ಸ್ವಿಂಗ್ ಪಕ್ಕ +9 ಅಂತ ಕಂಡ ತಕ್ಷಣ "100ರಲ್ಲಿ 9 ಜನ ಪಾರ್ಟಿ ಬದಲಾಯಿಸಿದ್ರು" ಅಂತ ಹೇಳ್ಬೇಡಿ. ಅದು ಕೂಡಿ ಕಳೆದು ಉಳಿದ ಮೊತ್ತ. ಆಕಡೆಯಿಂದ ಈಕಡೆ ಬಂದೋರು, ಈಕಡೆಯಿಂದ ಆಕಡೆ ಹೋದೋರು, ಮೂರು ವರ್ಷದಲ್ಲಿ ಏರಿಯಾ ಬಿಟ್ಟೋದೋರು, ಹೊಸದಾಗಿ ಸಿಟಿಜನ್ ಆಗಿ ಲಿಸ್ಟಿಗೆ ಸೇರಿದ ನಮ್ಮಂಥೋರು, 18 ತುಂಬಿದ ಮಕ್ಕಳು, ಎಲ್ಲಾ ಅದರಲ್ಲಿ ಸೇರಿರತ್ತೆ. ಹೊಸ ಮನೆಗಳು ಏಳ್ತಾನೇ ಇರೋ ಮೆಲ್ಬರ್ನ್ ಪಶ್ಚಿಮದ ಟಾರ್ನೀಟ್, ಸಿಡ್ನಿಯ ಸ್ಕೋಫೀಲ್ಡ್ಸ್ ಇಂಥಾ ಕಡೆ ಮೂರು ವರ್ಷದ ಹಿಂದೆ ಓಟು ಹಾಕಿದ ಜನಾನೇ ಬೇರೆ, ಈಗ ಹಾಕೋ ಜನಾನೇ ಬೇರೆ.

ಜೊತೆಗೆ ಸ್ವಿಂಗ್ ಯಾವ ಹಳೇ ಅಂಕಿಯ ಮೇಲೆ ಲೆಕ್ಕ ಹಾಕಿದಾರೆ ಅನ್ನೋದನ್ನೂ ನೋಡ್ಬೇಕು. ಜನಸಂಖ್ಯೆ ಬದಲಾದ ಹಾಗೆ ಕ್ಷೇತ್ರಗಳ ಗಡಿ ಬದಲಾಯಿಸ್ತಾರೆ, ಅದಕ್ಕೆ ರೀಡಿಸ್ಟ್ರಿಬ್ಯೂಷನ್ ಅಂತಾರೆ. 2025ರ ಮುಂಚೆ ನ್ಯೂ ಸೌತ್ ವೇಲ್ಸ್‌ನಲ್ಲಿ ನಾರ್ತ್ ಸಿಡ್ನಿ ಅನ್ನೋ ಸೀಟೇ ಇಲ್ಲದಂಗಾಯ್ತು, ವಿಕ್ಟೋರಿಯಾದಲ್ಲಿ ಹಿಗ್ಗಿನ್ಸ್ ಹೋಯ್ತು, ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಬುಲ್‌ವಿಂಕಲ್ ಅಂತ ಹೊಸದು ಹುಟ್ಟಿತು, 151 ಇದ್ದಿದ್ದು 150 ಆಯ್ತು. ಗಡಿ ಬದಲಾದ ಮೇಲೆ, ಹಳೇ ಓಟನ್ನ ಬೂತ್ ಪ್ರಕಾರ ಹೊಸ ಗಡಿಗೆ ಹೊಂದಿಸಿ "ಈ ಗಡಿಯಲ್ಲೇ ಹೋದ್ಸಲ ಎಲೆಕ್ಷನ್ ಆಗಿದ್ರೆ ಎಷ್ಟು ಬರ್ತಿತ್ತು" ಅಂತ ನೋಷನಲ್ ಮಾರ್ಜಿನ್ ತೆಗೀತಾರೆ. ಇದರಿಂದ ತಮಾಷೆ ತಮಾಷೆ ಪರಿಸ್ಥಿತಿ ಬರತ್ತೆ. ಬೆನೆಲಾಂಗ್‌ನ 2022ರಲ್ಲಿ ಗೆದ್ದಿದ್ದು ಲೇಬರ್‌ನ ಜೆರೋಮ್ ಲಕ್ಸಾಲ್, ಆದ್ರೆ ಲೇನ್ ಕೋವ್, ಹಂಟರ್ಸ್ ಹಿಲ್ ಕಡೆಯ ಏರಿಯಾ ಬಂದು ಸೇರಿದ್ದಕ್ಕೆ ಲೆಕ್ಕದಲ್ಲಿ ಅದು ಕೂದಲೆಳೆಯಷ್ಟು ಲಿಬರಲ್ ಸೀಟು ಆಗೋಯ್ತು. ಎಂಪಿ ಲೇಬರ್, ಸೀಟು ಲಿಬರಲ್! ಆಮೇಲೆ ಅವರು ದೊಡ್ಡ ಸ್ವಿಂಗ್ ಜೊತೆ ಆರಾಮಾಗಿ ಗೆದ್ರು, ಕೆಲವು ಕಡೆ ಅದನ್ನ ಲೇಬರ್ ಉಳಿಸಿಕೊಂಡ ಸೀಟು ಅಂದ್ರು, ಇನ್ನು ಕೆಲವು ಕಡೆ ಗಳಿಸಿದ ಸೀಟು ಅಂದ್ರು, ಎರಡೂ ಸರಿನೇ.

ಟಿಪಿಪಿ ನೋಡಿ ಮೋಸ ಹೋಗೋದು ಇಂಡಿಪೆಂಡೆಂಟ್‌ಗಳು ಜೋರಾಗಿರೋ ಕಡೆ. ಕ್ಯಾನ್ಬೆರಾದ ಬೀನ್ ಸೀಟಲ್ಲಿ ಲಿಬರಲ್ ಎದುರು ಲೆಕ್ಕ ಹಾಕಿದ್ರೆ ಲೇಬರ್ ಭದ್ರವಾಗಿತ್ತು, ಆದ್ರೆ ಕೊನೆಗೆ ಎದುರು ಉಳಿದಿದ್ದು ಇಂಡಿಪೆಂಡೆಂಟ್, ಲೇಬರ್ ಗೆದ್ದಿದ್ದು 50.3ರಲ್ಲಿ. ಆದ್ದರಿಂದ ಪೇಜ್ ತೆಗೆದ ತಕ್ಷಣ ಈ ಮಾರ್ಜಿನ್ ಯಾರ್ಯಾರ ಮಧ್ಯದ್ದು ಅಂತ ಹೆಸರು ನೋಡಿ, ಆಮೇಲೆ ಅಂಕಿ.

ಎಣಿಕೆ ರಾತ್ರಿ ನೋಡೋರಿಗೆ ಒಂದೆರಡು ಮಾತು. ಸಂಜೆ 6ಕ್ಕೆ ಬಾಗಿಲು ಹಾಕ್ತಾರೆ, ಅಲ್ಲೇ ಬೂತಲ್ಲೇ ಕೈಯಲ್ಲಿ ಎಣಿಸೋಕೆ ಶುರು, ಇವಿಎಂ ಏನೂ ಇಲ್ಲ, ಕಾಗದ ಮತ್ತೆ ಪೆನ್ಸಿಲ್ಲು. ಮೊದಲು ಬರೋದು ಚಿಕ್ಕ ಬೂತುಗಳು, ಪ್ರೀಪೋಲ್ ಸೆಂಟರ್‌ಗಳ (ಎಲೆಕ್ಷನ್ ದಿನಕ್ಕೆ ಮುಂಚೆನೇ ಓಟು ಹಾಕೋ ಜಾಗ) ದೊಡ್ಡ ರಾಶಿ ಲೇಟಾಗಿ ಬರತ್ತೆ, ಅಂಚೆ ಓಟಿಗೆ ಎಲೆಕ್ಷನ್ ಆದ ಮೇಲೆ 13 ದಿನದವರೆಗೂ ಕಾಯ್ತಾರೆ. ಟಿವಿಯೋರು ಅದಕ್ಕೇ ಬರೀ ಓಟು ನೋಡಲ್ಲ, ಒಂದು ಬೂತಿನ ಈಗಿನ ಓಟನ್ನ ಅದೇ ಬೂತಿನ ಹೋದ್ಸಲದ ಓಟಿಗೆ ಹೋಲಿಸಿ ಸ್ವಿಂಗ್ ತೆಗೆದು ಪೂರ್ತಿ ಸೀಟಿಗೆ ಅಂದಾಜು ಮಾಡ್ತಾರೆ, ಇಲ್ಲಿನ ಸರ್ಕಾರಿ ಚಾನೆಲ್ ಎಬಿಸಿಯಲ್ಲಿ ಆಂಟನಿ ಗ್ರೀನ್ ದಶಕಗಟ್ಟಲೆ ಮಾಡಿದ್ದು ಇದನ್ನೇ. ಇನ್ನೊಂದು ಸೂಕ್ಷ್ಮ ಇದೆ: ಕೊನೆಗೆ ಉಳಿಯೋ ಇಬ್ಬರು ಯಾರಾಗಬಹುದು ಅಂತ ಎಇಸಿ ಮೊದಲೇ ಊಹೆ ಮಾಡಿ ಆ ಇಬ್ಬರ ಮಧ್ಯೆ ಪ್ರಿಫರೆನ್ಸ್ ಎಣಿಸತ್ತೆ, ಊಹೆ ತಪ್ಪಿದ್ರೆ ಆ ಸೀಟಿನ ಟಿಸಿಪಿ ಅಂಕಿ ಪುಟದಿಂದ ಮಾಯ ಆಗಿ ಮತ್ತೆ ಮೊದಲಿಂದ ಎಣಿಕೆ. ಅದನ್ನ ನೋಡಿ ಗಾಬರಿಯಾಗಿ ವಾಟ್ಸಾಪಲ್ಲಿ "ಗೋಲ್ಮಾಲ್" ಅಂತ ಫಾರ್ವರ್ಡ್ ಮಾಡೋರೂ ಇದಾರೆ, ಅವರಿಗೆ ದಯವಿಟ್ಟು ಇದನ್ನ ವಿವರಿಸಿ.

ಅಂಚೆ ಓಟಿನ ಆಟ ನೋಡ್ಬೇಕಂದ್ರೆ ಮೆಲ್ಬರ್ನ್‌ನ ಗೋಲ್ಡ್‌ಸ್ಟೀನ್: ಎಣಿಕೆ ರಾತ್ರಿ ಇಂಡಿಪೆಂಡೆಂಟ್ ಜೋಯಿ ಡೇನಿಯಲ್ ಗೆದ್ದೆ ಅಂದ್ರು, ಆಮೇಲೆ ಅಂಚೆ ಓಟು ಬಂದಂಗೆ ಬಂದಂಗೆ ಲಿಬರಲ್‌ನ ಟಿಮ್ ವಿಲ್ಸನ್ ಮುಂದೆ ಹೋಗಿ ಕೊನೆಗೆ 175 ಓಟಿಂದ ಗೆದ್ರು. ಸಿಡ್ನಿಯ ಬ್ರಾಡ್‌ಫೀಲ್ಡ್ ಇನ್ನೂ ಜೋರು, ಪ್ರಿಫರೆನ್ಸ್ ಎಲ್ಲಾ ಹಂಚಿ ಮುಗಿದಾಗ ಲಿಬರಲ್‌ನ ಜಿಸೆಲ್ ಕಾಪ್ಟೇರಿಯನ್ 8 ಓಟು ಮುಂದೆ, 100ಕ್ಕಿಂತ ಕಮ್ಮಿ ಅಂತರ ಅಂದ್ರೆ ಮರುಎಣಿಕೆ ಮಾಡೋ ಪದ್ಧತಿ, ಮಾಡಿದಾಗ ಇಂಡಿಪೆಂಡೆಂಟ್ ನಿಕೊಲೆಟ್ ಬೋಲ್ 26 ಓಟಿಂದ ಗೆದ್ರು. ಇಡೀ ಕ್ಷೇತ್ರದಲ್ಲಿ ಲಕ್ಷಕ್ಕೂ ಮೇಲೆ ಓಟು, ತೀರ್ಮಾನ ಆಗಿದ್ದು 26ರಲ್ಲಿ. ಬೆಂಗಳೂರಿನ ಜಯನಗರದಲ್ಲಿ 2023ರಲ್ಲಿ 16 ಓಟಿಗೆ ಆಗಿದ್ದು ನೆನಪಿದ್ದೋರಿಗೆ ಆ ಟೆನ್ಷನ್ ಗೊತ್ತಿರತ್ತೆ.

ಇಷ್ಟು ಕಮ್ಮಿ ಅಂತರದಲ್ಲಿ ಹಾಳಾದ ಓಟು ಅಂದ್ರೆ ಇನ್‌ಫಾರ್ಮಲ್ ಓಟು ಎಷ್ಟು ದುಬಾರಿ ಅಂತ ಯೋಚ್ನೆ ಮಾಡಿ. ಪಶ್ಚಿಮ ಸಿಡ್ನಿಯ ಫೌಲರ್, ಬ್ಲಾಕ್ಸ್‌ಲ್ಯಾಂಡ್ ಇಂಥಾ ವಲಸಿಗರು ಜಾಸ್ತಿ ಇರೋ ಸೀಟುಗಳಲ್ಲಿ 2022ರಲ್ಲಿ 10 ಪರ್ಸೆಂಟ್ ಮೇಲೆ ಓಟು ಹಂಗೇ ಕಸಕ್ಕೆ ಹೋಯ್ತು. ನ್ಯೂ ಸೌತ್ ವೇಲ್ಸ್ ರಾಜ್ಯದ ಎಲೆಕ್ಷನ್ನಲ್ಲಿ 1 ಅಂತ ಒಂದೇ ಹಾಕಿದ್ರೂ ನಡೆಯತ್ತೆ, ಫೆಡರಲ್‌ನಲ್ಲಿ ನಡೆಯಲ್ಲ, ಈ ಗೊಂದಲದಲ್ಲೂ ಎಷ್ಟೋ ಓಟು ಹೋಗತ್ತೆ. ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನ ಸಣ್ಣ ಹಸಿರು ಪೇಪರಲ್ಲಿ ಪ್ರತಿ ಚೌಕಕ್ಕೂ ನಂಬರ್ ಹಾಕಿ, ಒಂದೇ ನಂಬರ್ ಎರಡು ಸಲ ಬರೀಬೇಡಿ, ತಪ್ಪಾದ್ರೆ ಹೊಸ ಪೇಪರ್ ಕೇಳಿ, ಕೊಡ್ತಾರೆ. ಬಾಗಿಲಲ್ಲಿ ಪಾರ್ಟಿಯೋರು ಕೊಡೋ ಹೌ ಟು ವೋಟ್ ಕಾರ್ಡ್ ಬರೀ ಅವರ ಸಲಹೆ, ಅದೇ ತರ ಹಾಕ್ಬೇಕು ಅಂತಿಲ್ಲ, ಪ್ರಿಫರೆನ್ಸ್ ಪಾರ್ಟಿಯದ್ದಲ್ಲ ನಿಮ್ಮದು.

ಬರೀ ಪಿಆರ್ (ಪರ್ಮನೆಂಟ್ ರೆಸಿಡೆನ್ಸಿ) ಇರೋರಿಗೆ ಓಟಿಲ್ಲ, ಸಿಟಿಜನ್ ಆದ್ರೆ ಹೆಸರು ಸೇರಿಸೋದೂ ಓಟು ಹಾಕೋದೂ ಎರಡೂ ಕಡ್ಡಾಯ, ಸರಿಯಾದ ಕಾರಣ ಇಲ್ಲದೆ ತಪ್ಪಿಸಿದ್ರೆ 20 ಡಾಲರ್ ದಂಡ. ಆ ದಿನ ಇಂಡಿಯಾದಲ್ಲಿದ್ರೆ ದಂಡ ಇಲ್ಲ, ಆದ್ರೂ ಮುಂಚೆನೇ ಎಇಸಿಗೆ ತಿಳಿಸಿಬಿಟ್ರೆ ಆಮೇಲೆ ಕಾಗದ ಬಂದು ಉತ್ತರ ಕೊಡೋ ತಾಪತ್ರಯ ತಪ್ಪತ್ತೆ. ರಿಸಲ್ಟ್ ಬೂತ್ ಬೂತ್ ಪ್ರಕಾರ ಎಇಸಿಯ ಟ್ಯಾಲಿ ರೂಮ್ ಪೇಜಲ್ಲಿ ಪುಕ್ಕಟೆ ಸಿಗತ್ತೆ, ನೀವು ಓಟು ಹಾಕಿದ ಸ್ಕೂಲಿನ ಹೆಸರು ಹುಡುಕಿ, ಅಲ್ಲಿನ ಸ್ವಿಂಗ್ ಒಂದು ಕಡೆ ಇಟ್ಕೊಂಡು ಪೂರ್ತಿ ಸೀಟಿನ ಸ್ವಿಂಗ್ ಪಕ್ಕದಲ್ಲಿಟ್ಟು ನೋಡಿ, ಎರಡೂ ಒಂದೇ ದಿಕ್ಕಲ್ಲೇ ಇರ್ಬೇಕು ಅಂತೇನಿಲ್ಲ.