ಅಕೌಸ್ಟಿಕ್ ಸಂಗೀತಕ್ಕಾಗಿ ಮೈಕ್ ಪ್ರೀಆಂಪ್ ಬದಲಿಸುವುದು: ಯಾವಾಗ, ಹೇಗೆ

ಮನೆಯಲ್ಲಿ ಗಿಟಾರ್, ಪಿಟೀಲು, ಕೊಳಲಿನಂತಹ ವಾದ್ಯಗಳನ್ನು ರೆಕಾರ್ಡ್ ಮಾಡುವವರು ಹಿನ್ನೆಲೆಯಲ್ಲಿ ‘ಸುಯ್’ ಎನ್ನುವ ಸದ್ದು ಕೇಳಿದೊಡನೆ ಅನುಮಾನಿಸುವುದು ಪ್ರೀಆಂಪನ್ನೇ, ಅಂದರೆ ಮೈಕ್‌ನ ಕ್ಷೀಣ ಸಿಗ್ನಲನ್ನು ಹಿಗ್ಗಿಸುವ ಸರ್ಕ್ಯೂಟನ್ನೇ. ಆ ಅನುಮಾನ ಕೆಲವೊಮ್ಮೆ ನಿಜವಾಗುತ್ತದೆ. ಬಹಳಷ್ಟು ಸಲ ಸದ್ದಿನ ಮೂಲ ಬೇರೆಲ್ಲೋ ಇರುತ್ತದೆ. ಹೊಸ ಪ್ರೀಆಂಪ್‌ನಿಂದ ಪ್ರಯೋಜನ ಆದೀತೇ ಎಂಬುದು ಅದರ ಬೆಲೆಗಿಂತ ಹೆಚ್ಚಾಗಿ ನೀವು ಅದಕ್ಕೆ ಜೋಡಿಸುವ ಮೈಕ್ ಯಾವುದು ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಕೆಲಸವನ್ನು ಅಂಗಡಿಯಿಂದಲ್ಲ, ಮೈಕ್‌ನ ವಿವರಪಟ್ಟಿಯಿಂದ ಆರಂಭಿಸಬೇಕು.

ಆ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಸೆನ್ಸಿಟಿವಿಟಿ. ಒಂದು ಪಾಸ್ಕಲ್ ಒತ್ತಡದ, ಅಂದರೆ 94 ಡೆಸಿಬೆಲ್ ಮಟ್ಟದ ಸದ್ದಿಗೆ ಮೈಕ್ ಎಷ್ಟು ಮಿಲಿವೋಲ್ಟ್ ಕೊಡುತ್ತದೆ ಎಂಬುದನ್ನು ಅದು ಹೇಳುತ್ತದೆ. ಹೊರಗಿನಿಂದ ವಿದ್ಯುತ್ ಬೇಕಾಗುವ ಸಾಮಾನ್ಯ ಕಂಡೆನ್ಸರ್ ಮೈಕ್ ಸುಮಾರು 20 ಮಿಲಿವೋಲ್ಟ್ ಕೊಟ್ಟರೆ, ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವ ಪ್ಯಾಸಿವ್ ರಿಬ್ಬನ್ ಮೈಕ್ ಅಥವಾ ಡೈನಾಮಿಕ್ ಮೈಕ್ ಕೊಡುವುದು 1ರಿಂದ 2 ಮಿಲಿವೋಲ್ಟ್ ಮಾತ್ರ. ಬೆರಳಿನಿಂದ ಮೃದುವಾಗಿ ನುಡಿಸುವ ಗಿಟಾರ್‌ನ ಸದ್ದು ಮೈಕ್ ಇರುವ ಜಾಗದಲ್ಲಿ 70 ಡೆಸಿಬೆಲ್ ಇದೆ ಎಂದುಕೊಂಡರೆ, ಕಂಡೆನ್ಸರ್‌ನಿಂದ ಹೊರಬರುವುದು ಸುಮಾರು 1.3 ಮಿಲಿವೋಲ್ಟ್, ರಿಬ್ಬನ್‌ನಿಂದ ಹೆಚ್ಚೆಂದರೆ 0.13 ಮಿಲಿವೋಲ್ಟ್. ಈ ಹತ್ತು ಪಟ್ಟಿನ ಕೊರತೆಯನ್ನು, ಅಂದರೆ 20 ಡೆಸಿಬೆಲ್ ಹೆಚ್ಚುವರಿ ಗೇನನ್ನು (ಹಿಗ್ಗಿಸುವ ಪ್ರಮಾಣವನ್ನು), ಪ್ರೀಆಂಪ್ ತುಂಬಿಕೊಡಬೇಕು. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ, ಒಳಗೇ ಪ್ರೀಆಂಪ್ ಇರುವ ಅಗ್ಗದ ಆಡಿಯೋ ಇಂಟರ್‌ಫೇಸ್‌ಗಳು ತಡಕಾಡುವುದು ಇಲ್ಲಿಯೇ: ಗೇನ್ ಸಾಲದೆ ಹೋಗುತ್ತದೆ, ಇಲ್ಲವೇ ನಾಬ್‌ನ ಕೊನೆಯ ಸ್ವಲ್ಪ ತಿರುವಿನಲ್ಲಿ ಗೇನೂ ನಾಯ್ಸೂ (ಆ ಸುಯ್ ಸದ್ದೂ) ಒಟ್ಟಿಗೆ ಜಿಗಿಯುತ್ತವೆ. ಕಂಡೆನ್ಸರ್ ಬಳಸುವವರ ಪರಿಸ್ಥಿತಿ ಬೇರೆ. ಅವರ ಮೈಕ್‌ನ ಒಳಗಿನ ಸರ್ಕ್ಯೂಟ್‌ನದೇ ನಾಯ್ಸ್ ಸಾಮಾನ್ಯವಾಗಿ ಪ್ರೀಆಂಪ್‌ನ ನಾಯ್ಸ್‌ಗಿಂತ ಎಷ್ಟೋ ಮೇಲಿರುವುದರಿಂದ, ಪ್ರೀಆಂಪ್ ಬದಲಿಸಿದರೂ ಆ ಸುಯ್ ಸದ್ದು ಇದ್ದಲ್ಲೇ ಇರುತ್ತದೆ.

ಇದನ್ನು ಊಹೆಗೆ ಬಿಡದೆ ಅಳೆದು ನೋಡಬಹುದು. ಒಂದು ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್‌ನ ಮೂರು ಪಿನ್‌ಗಳ) ಗಂಡು ಪ್ಲಗ್ ತೆಗೆದುಕೊಂಡು, ಅದರ 2ನೇ ಮತ್ತು 3ನೇ ಪಿನ್‌ಗಳ ನಡುವೆ 150 ಓಮ್‌ನ ಮೆಟಲ್ ಫಿಲ್ಮ್ ರೆಸಿಸ್ಟರ್ ಒಂದನ್ನು ಬೆಸುಗೆ ಹಾಕಿ, ಲೋಹದ ಕವಚವನ್ನು ಮುಚ್ಚಿ. ನೀವು ನಿತ್ಯ ರೆಕಾರ್ಡ್ ಮಾಡುವ ಗೇನ್‌ನಲ್ಲಿಯೇ, ಮೈಕ್ ಜೋಡಿಸಿ, ವಾದ್ಯ ಮುಟ್ಟದೆ, ಉಸಿರು ಬಿಗಿಹಿಡಿದು ಅರ್ಧ ನಿಮಿಷ ಖಾಲಿ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿ. ಬಳಿಕ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ 48 ವೋಲ್ಟ್ ವಿದ್ಯುತ್) ಆಫ್ ಮಾಡಿ, ಗೇನ್ ನಾಬ್ ಮುಟ್ಟದೆ, ಮೈಕ್ ಕೇಬಲ್ ಬಿಚ್ಚಿ ಅದೇ ಇನ್‌ಪುಟ್‌ಗೆ ಈ ಪ್ಲಗ್ ಹಾಕಿ ಇನ್ನೊಂದು ಅರ್ಧ ನಿಮಿಷ ರೆಕಾರ್ಡ್ ಮಾಡಿ, ಎರಡರ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಮಟ್ಟವನ್ನು ಸಾಫ್ಟ್‌ವೇರ್‌ನಲ್ಲಿ ಹೋಲಿಸಿ. ಮೈಕ್ ಇದ್ದಾಗಿನ ಮಟ್ಟ ರೆಸಿಸ್ಟರ್‌ನ ಮಟ್ಟಕ್ಕಿಂತ 10 ಡೆಸಿಬೆಲ್‌ಗಿಂತ ಹೆಚ್ಚು ಮೇಲಿದ್ದರೆ, ಒಟ್ಟು ನಾಯ್ಸ್‌ಗೆ ಪ್ರೀಆಂಪ್ ಸೇರಿಸುತ್ತಿರುವುದು ಅರ್ಧ ಡೆಸಿಬೆಲ್‌ಗೂ ಕಡಿಮೆ. ಫ್ಯಾನ್, ಫ್ರಿಜ್, ಕಂಪ್ಯೂಟರ್, ಕಿಟಕಿ ಅಥವಾ ಮೈಕ್ ತಾನೇ ಉಳಿದದ್ದಕ್ಕೆ ಕಾರಣ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ ಮಾತ್ರ ಪ್ರೀಆಂಪ್ ಬದಲಿಸುವ ಮಾತಿಗೆ ಅರ್ಥವಿದೆ. ಕೆಲವೇ ನಿಮಿಷಗಳ ಈ ಪರೀಕ್ಷೆ ಬಹಳ ಮಂದಿಯ ಹಣ ಉಳಿಸಬಲ್ಲದು. ಆದರೂ ಇದನ್ನು ಮಾಡುವವರು ಕಡಿಮೆ.

ಬದಲಿಸುವುದೆಂದು ನಿರ್ಧಾರವಾದ ಮೇಲೆ ಮುಖ್ಯವಾಗುವ ಅಂಕಿ ಇಐಎನ್ (ಈಕ್ವಿವಲೆಂಟ್ ಇನ್‌ಪುಟ್ ನಾಯ್ಸ್). ಪ್ರೀಆಂಪ್ ತಾನಾಗಿ ಹುಟ್ಟಿಸುವ ನಾಯ್ಸ್ ಇನ್‌ಪುಟ್‌ನಲ್ಲಿ ಎಷ್ಟಿದ್ದಂತೆ ಎಂಬ ಲೆಕ್ಕ ಅದು. 150 ಓಮ್‌ನ ರೆಸಿಸ್ಟರ್ ಕೋಣೆಯ ಉಷ್ಣತೆಯಲ್ಲಿ ಸುಮ್ಮನಿದ್ದರೂ 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ ಸುಮಾರು -131 ಡಿಬಿಯು (ವೋಲ್ಟೇಜನ್ನು ಡೆಸಿಬೆಲ್‌ನಲ್ಲಿ ಹೇಳುವ ಮಾನ) ನಾಯ್ಸ್ ಕೊಡುತ್ತದೆ. ಯಾವ ಯಂತ್ರವೂ ಈ ಗೆರೆಯನ್ನು ದಾಟಿ ಕೆಳಗಿಳಿಯದು. -133 ಎಂದು ಬರೆದಿರುವುದನ್ನು ಕಂಡರೆ, ಇನ್‌ಪುಟ್ ಶಾರ್ಟ್ ಮಾಡಿಯೋ ಎ-ವೇಟಿಂಗ್ (ಕಿವಿಗೆ ಅಷ್ಟಾಗಿ ಕೇಳದ ಸ್ವರಗಳನ್ನು ತಗ್ಗಿಸಿ ಎಣಿಸುವ ಕ್ರಮ) ಹಚ್ಚಿಯೋ ಅಳೆದಿದ್ದಾರೆ ಎಂದು ತಿಳಿಯಿರಿ. 150 ಓಮ್‌ಗೆ, ವೇಟಿಂಗ್ ಇಲ್ಲದೆ, -127ರಿಂದ -129 ಇದ್ದರೆ ಅದು ಒಳ್ಳೆಯ ಪ್ರೀಆಂಪ್, ಮತ್ತು ಇಂದಿನ ಸಾಧಾರಣ ಇಂಟರ್‌ಫೇಸ್‌ಗಳಲ್ಲಿ ಅನೇಕವು ಪೂರ್ಣ ಗೇನ್‌ನಲ್ಲಿ ಇಲ್ಲಿಗೇ ತಲುಪುತ್ತವೆ. ಹಾಗಾಗಿ ದುಬಾರಿ ಯಂತ್ರದಿಂದ ಮೇಲೆ ಸಿಗಬಹುದಾದದ್ದು ಎರಡು-ಮೂರು ಡೆಸಿಬೆಲ್ ಅಷ್ಟೇ. ರಿಬ್ಬನ್ ಬಳಸುವವರಿಗೆ ಅದಕ್ಕಿಂತ ಬೇಕಾದದ್ದು 65ರಿಂದ 75 ಡೆಸಿಬೆಲ್‌ನಷ್ಟು ಗೇನ್ ಮತ್ತು ಸಾಕಷ್ಟು ಇನ್‌ಪುಟ್ ಇಂಪೀಡೆನ್ಸ್ (ಮೈಕ್‌ನ ಸಿಗ್ನಲ್‌ಗೆ ಪ್ರೀಆಂಪ್ ಒಡ್ಡುವ ವಿದ್ಯುತ್ ತಡೆ). 300 ಓಮ್‌ನ ರಿಬ್ಬನ್‌ಗೆ ಕನಿಷ್ಠ ಐದು ಪಟ್ಟು, ಅಂದರೆ 1500 ಓಮ್ ಇರಬೇಕು. ಕಡಿಮೆಯಾದರೆ ಔಟ್‌ಪುಟ್ ಕುಗ್ಗಿ, ತಗ್ಗು ಸ್ವರಗಳ ಸಮತೋಲ ಬದಲಾಗುತ್ತದೆ.

ಇನ್ನು ‘ಬಣ್ಣ’ದ ಪ್ರಶ್ನೆ. 1970ರಲ್ಲಿ ಬ್ರಿಟಿಷ್ ಎಂಜಿನಿಯರ್ ರೂಪರ್ಟ್ ನೀವ್ ವಿನ್ಯಾಸಗೊಳಿಸಿದ 1073ರಂತಹ, ಟ್ರಾನ್ಸ್‌ಫಾರ್ಮರ್ ಇರುವ ಪ್ರೀಆಂಪ್‌ಗಳು ಮೆಚ್ಚುಗೆ ಗಳಿಸಿರುವುದು ಸ್ವಚ್ಛತೆಗಲ್ಲ. ಜೋರಾಗಿ ದುಡಿಸಿದಾಗ ತಗ್ಗು ಸ್ವರಗಳಿಗೆ ಅವು ಸೇರಿಸುವ ಹಾರ್ಮಾನಿಕ್‌ಗಳಿಗೆ (ಮೂಲ ಸ್ವರದ ಗುಣಕಗಳಾದ ಮೇಲಿನ ಸ್ವರಗಳಿಗೆ). ಮೃದುವಾದ ಒಂಟಿ ವಾದ್ಯದ ಮೇಲೆ ಅವನ್ನು ಮಿತವಾದ ಮಟ್ಟದಲ್ಲಿ ಓಡಿಸಿದರೆ ಆ ಬಣ್ಣ ಅಷ್ಟಾಗಿ ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಅಕೌಸ್ಟಿಕ್ ಸಂಗೀತಕ್ಕೆ ಟ್ರಾನ್ಸ್‌ಫಾರ್ಮರ್ ಇಲ್ಲದ ಪಾರದರ್ಶಕ ಪ್ರೀಆಂಪೇ ಮೇಲು, ಏಕೆಂದರೆ ತಂತಿ ಮತ್ತು ಮರದ ಸದ್ದಿನಲ್ಲೇ ಬೇಕಾದಷ್ಟು ಬಣ್ಣವಿದೆ.

ಪೂರ್ಣ ಪ್ರೀಆಂಪ್‌ಗಿಂತ ಅಗ್ಗದ ದಾರಿಯೂ ಇದೆ. ಮೈಕ್ ಮತ್ತು ಇಂಟರ್‌ಫೇಸ್ ನಡುವೆ ಸೇರಿಸುವ ಇನ್‌ಲೈನ್ ಬೂಸ್ಟರ್ ಫ್ಯಾಂಟಮ್ ಪವರ್‌ನಿಂದ ನಡೆದು 20ರಿಂದ 27 ಡೆಸಿಬೆಲ್‌ವರೆಗೆ ಗೇನ್ ಕೊಡುತ್ತದೆ. ಸಾಮಾನ್ಯ ಮಾದರಿಗಳು ಫ್ಯಾಂಟಮ್ ಅನ್ನು ಮೈಕ್‌ಗೆ ದಾಟಿಸುವುದಿಲ್ಲವಾದ್ದರಿಂದ ರಿಬ್ಬನ್, ಡೈನಾಮಿಕ್ ಮೈಕ್‌ಗಳಿಗೆ ಅವು ಸರಿ, ಕಂಡೆನ್ಸರ್‌ಗೆ ಕೆಲಸಕ್ಕೆ ಬಾರವು. ಹಳೆಯ ಪ್ರೀಆಂಪ್‌ನ ಐಸಿಗಳನ್ನು ಕಿತ್ತು ವೇಗದ ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ) ಹಾಕುವ ಹುಮ್ಮಸ್ಸನ್ನು ಮಾತ್ರ ನಾನು ಬೆಂಬಲಿಸಲಾರೆ. ಪವರ್ ಪಿನ್‌ಗಳ ಪಕ್ಕದಲ್ಲೇ ಸರಿಯಾದ ಕೆಪಾಸಿಟರ್ ಇಲ್ಲದಿದ್ದರೆ ಸರ್ಕ್ಯೂಟ್ ಆಸಿಲೇಟ್ ಆಗಿ (ತಾನಾಗಿಯೇ ಕಂಪಿಸತೊಡಗಿ) ಮೊದಲಿಗಿಂತ ಕೆಡುತ್ತದೆ. ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸುವುದು ಬೇರೆ ಮಾತು. ಆಗಲೂ 48 ವೋಲ್ಟ್ ಫ್ಯಾಂಟಮ್ ತಡೆಯುವ ಜಾಗಕ್ಕೆ ಕನಿಷ್ಠ 63 ವೋಲ್ಟ್‌ನವನ್ನೇ ಹಾಕಬೇಕು.

ಹೊಸ ಪ್ರೀಆಂಪ್ ಬಂದ ಮೇಲೆ ಹೆಚ್ಚಿನವರು ಎಡವುವುದು ಜೋಡಣೆಯಲ್ಲಿ. ಪ್ರೀಆಂಪ್‌ನ ಔಟ್‌ಪುಟ್ ಅನ್ನು ಇಂಟರ್‌ಫೇಸ್‌ನ ಮೈಕ್ ಇನ್‌ಪುಟ್‌ಗೆ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಕೊಟ್ಟರೆ ಸಿಗ್ನಲ್ ಹಳೆಯ ಪ್ರೀಆಂಪ್ ಮೂಲಕವೇ ಮತ್ತೊಮ್ಮೆ ಹಾಯುತ್ತದೆ. ಮೂರು ಭಾಗದ ತುದಿಯಿರುವ ಟಿಆರ್‌ಎಸ್ ಕೇಬಲ್‌ನಲ್ಲಿ ಆಗಲೇ ಹಿಗ್ಗಿದ ಸಿಗ್ನಲ್‌ಗಾಗಿ ಇರುವ ಲೈನ್ ಇನ್‌ಪುಟ್‌ಗೇ ಕೊಡಿ. ಮುಂಭಾಗದ, ಮೈಕ್ ಮತ್ತು ಲೈನ್ ಎರಡಕ್ಕೂ ಒಂದೇ ಆದ ಕಾಂಬೋ ಜ್ಯಾಕ್‌ಗಿಂತ, ಗೇನ್ ನಾಬ್ ಇಲ್ಲದ ಹಿಂಭಾಗದ ಲೈನ್ ಇನ್‌ಪುಟ್ ಇದ್ದರೆ ಅದು ಇನ್ನೂ ಒಳ್ಳೆಯದು, ಏಕೆಂದರೆ ಕೆಲವು ಇಂಟರ್‌ಫೇಸ್‌ಗಳಲ್ಲಿ ಮುಂಭಾಗದ ‘ಲೈನ್’ ಸ್ವಿಚ್ ಸಿಗ್ನಲ್ ತಗ್ಗಿಸಿ ಅದೇ ಪ್ರೀಆಂಪ್‌ಗೆ ಕಳಿಸುತ್ತದೆ. ಪ್ರೀಆಂಪ್‌ಗೆ ಆಡಾಟ್ (ಬೆಳಕಿನ ಕೇಬಲ್‌ನ ಡಿಜಿಟಲ್) ಔಟ್‌ಪುಟ್ ಇದ್ದು ಅದನ್ನು ಬಳಸುವುದಾದರೆ, ಇಂಟರ್‌ಫೇಸ್‌ನ ಕ್ಲಾಕ್ (ಡಿಜಿಟಲ್ ಸದ್ದಿನ ಗತಿ ಕಾಯುವ ಗಡಿಯಾರ) ಮೂಲವನ್ನು ಆಡಾಟ್ ಎಂದು ಬದಲಿಸಲು ಮರೆಯಬೇಡಿ. ಎರಡು ಕ್ಲಾಕ್‌ಗಳು ಹೊಂದದಿದ್ದರೆ ರೆಕಾರ್ಡಿಂಗ್‌ನಲ್ಲಿ ಟಿಕ್ ಟಿಕ್ ಸದ್ದುಗಳು ಸೇರುತ್ತವೆ.

ಗೇನ್ ಇಡುವಾಗ 24 ಬಿಟ್‌ನಲ್ಲಿ ಸರಾಸರಿ -18 ಡಿಬಿಎಫ್‌ಎಸ್ (ಇದರಲ್ಲಿ 0 ಎಂದರೆ ಡಿಜಿಟಲ್‌ನ ಗರಿಷ್ಠ ಮಟ್ಟ) ಆಸುಪಾಸಿನಲ್ಲಿ, ಜೋರಾದ ಮೀಟುಗಳು -10ರ ಒಳಗೆ ಇರಲಿ. ಮೀಟರ್ ತುಂಬಿಸಬೇಕೆಂಬ ಹಟ 16 ಬಿಟ್ ಕಾಲದ್ದು. ರಿಬ್ಬನ್ ಮೈಕ್ ಜೋಡಿಸುವ ಮುನ್ನ ಫ್ಯಾಂಟಮ್ ಆಫ್ ಮಾಡಿ ಒಂದು ನಿಮಿಷ ಕಾಯುವುದು ಒಳ್ಳೆಯ ಅಭ್ಯಾಸ, ಏಕೆಂದರೆ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ದೋಷವಿರುವ ಕೇಬಲ್ ಮೂಲಕ ಆ ತೆಳು ಪಟ್ಟಿಯನ್ನು ಎಳೆದುಬಿಡಬಹುದು.

ಕೊನೆಗೆ ಹಳತು-ಹೊಸತನ್ನು ಹೋಲಿಸುವಾಗ ಮಟ್ಟ ಸರಿಗಟ್ಟದಿದ್ದರೆ ಜೋರಾಗಿರುವುದೇ ಚೆನ್ನಾಗಿ ಕೇಳುತ್ತದೆ. ಮೈಕ್ ಅಲುಗಿಸದೆ ಅದರ ಮುಂದಿನ ಸ್ಪೀಕರ್‌ನಿಂದ 1000 ಹರ್ಟ್ಸ್‌ನ ಟೋನ್ ನುಡಿಸಿ, ಎರಡೂ ಪ್ರೀಆಂಪ್‌ಗಳ ಮಟ್ಟವನ್ನು 0.1 ಡೆಸಿಬೆಲ್‌ನಷ್ಟು ಹತ್ತಿರಕ್ಕೆ ತನ್ನಿ. ಬಳಿಕ ಒಂದೇ ತುಣುಕನ್ನು ಎರಡರಲ್ಲೂ ಹಲವು ಬಾರಿ ನುಡಿಸಿ ರೆಕಾರ್ಡ್ ಮಾಡಿ, ಹೆಸರು ಮರೆಮಾಡಿದ ಫೈಲ್‌ಗಳನ್ನು ಬೇರೊಬ್ಬರಿಂದ ಕಲಸಿಸಿಕೊಂಡು ಕೇಳಿ. ಯಾವುದು ಯಾವುದೆಂದು ಪದೇಪದೇ ಸರಿಯಾಗಿ ಗುರುತಿಸಲು ಆಗದಿದ್ದರೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಯಂತ್ರವನ್ನು ಮರಳಿಸಿ, ಆ ಹಣದಲ್ಲಿ ಗೋಡೆಗಳಿಗೆ ದಪ್ಪನೆಯ ಅಕೌಸ್ಟಿಕ್ ಪ್ಯಾನೆಲ್‌ಗಳನ್ನು ತರಿಸಿಕೊಳ್ಳಿ.