ಇಂಪ್ಲಾಂಟ್ ಖರ್ಚು ಹಿಡಿತಕ್ಕೆ ಬಂದದ್ದು ಹೀಗೆ

ಹಾಸನದ ಒಂದು ಡೇ-ಕೇರ್ ಸರ್ಜರಿ ಸೆಂಟರ್‌ನಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಹರ್ನಿಯಾ ಆಪರೇಷನ್‌ಗೆ ರೋಗಿಗೆ ಹೇಳುವ ಪ್ಯಾಕೇಜ್ ದರ ಒಂದೇ. ಸರ್ಜನ್‌ಗಳು ಕೇಳುವ ಮೆಶ್ (ಹರ್ನಿಯಾ ಜಾಗಕ್ಕೆ ಆಸರೆಯಾಗಿ ಒಳಗಿಡುವ ಬಲೆ, ಇದೇ ಇಂಪ್ಲಾಂಟ್) ಮಾತ್ರ ಒಬ್ಬೊಬ್ಬರದು ಒಂದೊಂದು ಕಂಪನಿಯದು. ಕೆಲವು ಕೇಸಲ್ಲಿ ಮೆಶ್, ಅದನ್ನು ಒಳಗೆ ಪಿನ್ ಹೊಡೆದು ಕೂರಿಸುವ ಟ್ಯಾಕರ್, ಇವೆರಡರ ಬಿಲ್ಲೇ ಪ್ಯಾಕೇಜಿನ ಬಹುಪಾಲು ನುಂಗುತ್ತಿತ್ತು.

ಡಾಕ್ಟರಿಗೆ "ಇದು ಬೇಡ" ಎನ್ನುವುದು ಸ್ಟೋರಿನವರ ಕೆಲಸವಲ್ಲ. ಹಾಗಾಗಿ ಪ್ರತಿ ಕೇಸಿಗೆ ಬಳಸಿದ ಸಾಮಾನು ಮತ್ತು ನಾವು ನಿಜಕ್ಕೂ ಕೊಟ್ಟ ದರ (ಎಂಆರ್‌ಪಿ ಅಲ್ಲ) ಒಂದೇ ಹಾಳೆಯಲ್ಲಿ ಬರೆದು ಸರ್ಜನ್‌ಗಳ ಮುಂದಿಟ್ಟೆ. ತೊಡೆಸಂದಿನ ಹರ್ನಿಯಾದ ಓಪನ್ ಆಪರೇಷನ್‌ಗೆ ಸಾದಾ ಪಾಲಿಪ್ರೊಪಿಲೀನ್ ಮೆಶ್ ಸಾಕೆಂದು ಅವರೇ ತೀರ್ಮಾನಿಸಿದರು. ಕರುಳಿಗೆ ತಾಗುವ ಕಡೆ ಇಡುವ ಕಾಂಪೋಸಿಟ್ ಮೆಶ್ (ಕರುಳು ಅಂಟದಂತೆ ಒಂದು ಬದಿಗೆ ಬೇರೆ ಪದರ ಇರುವುದು) ಹಾಗೇ ಉಳಿಯಿತು. ಅಲ್ಲಿ ಉಳಿತಾಯ ಹುಡುಕಬಾರದು.

ಹೆಚ್ಚು ಉಳಿದದ್ದು ಸುಮ್ಮನೆ ಪ್ಯಾಕ್ ಒಡೆಯುವುದನ್ನು ನಿಲ್ಲಿಸಿದ್ದರಲ್ಲಿ. ಸ್ಟೆರೈಲ್ ಪ್ಯಾಕ್ ಒಮ್ಮೆ ಒಡೆದರೆ ವಾಪಸಿಲ್ಲ. ಈಗ ಟ್ಯಾಕರ್, ಹೆಚ್ಚುವರಿ ಹೊಲಿಗೆ ದಾರ ಟ್ರಾಲಿಯಲ್ಲಿ ಸಿದ್ಧವಿರುತ್ತವೆ, ಸರ್ಜನ್ ಕೇಳಿದ ಮೇಲೆಯೇ ಒಡೆಯುತ್ತೇವೆ. ಯಾವ ಸರ್ಜನ್‌ಗೆ ಏನು ಬೇಕೆಂಬ ಕಾರ್ಡುಗಳನ್ನು ಓಟಿ ಸಿಸ್ಟರ್ ಜೊತೆ ಕೂತು ತಿದ್ದಿದೆವು. ಯಾರೂ ಬಳಸದ ಸಾಮಾನು ಅವುಗಳಲ್ಲಿ ಬೇಕಾದಷ್ಟಿತ್ತು!

ಅಪರೂಪದ ಸೈಜುಗಳನ್ನು ಡೀಲರ್ ಕನ್‌ಸೈನ್‌ಮೆಂಟ್ ಮೇಲೆ ಇಡುತ್ತಾರೆ, ಬಳಸಿದ್ದಕ್ಕಷ್ಟೇ ಬಿಲ್. ಎಕ್ಸ್‌ಪೈರಿ ಮಾತ್ರ ನಾವೇ ನೋಡಬೇಕು. ಇಂಪ್ಲಾಂಟಿನ ಸ್ಟಿಕ್ಕರ್ (ಪ್ಯಾಕಿನ ಜೊತೆ ಬರುವ, ಬ್ಯಾಚ್ ನಂಬರ್ ಇರುವ ಚೀಟಿ) ಕೇಸ್ ಶೀಟಿಗೆ ಅಂಟಿಸದಿದ್ದರೆ ಆ ಬಿಲ್ ನಾನು ಪಾಸ್ ಮಾಡುವುದಿಲ್ಲ.