ಯೊಸೆಮಿಟಿ ಜಲಪಾತ: ಜೋಗದ ಲೆಕ್ಕ ಅಲ್ಲಿ ನಡೆಯದು

ಮಗನ ಮನೆಗೋ ಮಗಳ ಮನೆಗೋ ಎಂದು ಕ್ಯಾಲಿಫೋರ್ನಿಯಾಕ್ಕೆ ಹೋಗುವವರೆಲ್ಲ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ನೋಡಬೇಕೆಂದುಕೊಳ್ಳುತ್ತಾರೆ. ಅಲ್ಲಿನ ಕಣಿವೆಯ ಯೊಸೆಮಿಟಿ ಜಲಪಾತ ಮೂರು ಹಂತಗಳಲ್ಲಿ 739 ಮೀಟರ್ ಇಳಿಯುತ್ತದೆ. ನಮ್ಮ ಜೋಗ 253 ಮೀಟರ್. ಆದರೆ ಜೋಗಕ್ಕೆ ಹೊರಟಂತೆ ಆಗಸ್ಟ್‌ನಲ್ಲಿ ಹೊರಟರೆ ಬರೀ ಬಂಡೆ ನೋಡಿ ಬರಬೇಕಾದೀತು.

ಹಾಗಾಗಿ ಮೊದಲ ಕೆಲಸ, ತಿಂಗಳು ಆರಿಸುವುದು. ಅದು ಮಳೆಗಾಲದ ನೀರಲ್ಲ, ಸಿಯೆರಾ ನೆವಾಡ ಬೆಟ್ಟಗಳ ಹಿಮ ಕರಗಿದ ನೀರು. ಮೇಲಿನ ಹಳ್ಳದ ಸುತ್ತ ಬಹುಪಾಲು ಬೋಳು ಗ್ರಾನೈಟ್, ನೀರು ಹಿಡಿದಿಟ್ಟುಕೊಳ್ಳುವಷ್ಟು ಮಣ್ಣಿಲ್ಲ. ಹಿಮ ಮುಗಿಯಿತೆಂದರೆ ಹಳ್ಳವೂ ಸೊರಗುತ್ತದೆ. ಮೇ ತಿಂಗಳು, ಜೂನ್ ಮೊದಲ ವಾರಗಳು ಅತ್ಯುತ್ತಮ. ತಡವಾಗಿ ಹೋದವರಿಗೆ ಅದೇ ಕಣಿವೆಯ ಬ್ರೈಡಲ್‌ವೇಲ್ ಜಲಪಾತ ಇದೆ. ಸಣ್ಣಗಾದರೂ ವರ್ಷವಿಡೀ ಧುಮುಕುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ. ಶುಲ್ಕ, ಮುಂಗಡ ಕಾಯ್ದಿರಿಸುವ ನಿಯಮಗಳು ಬದಲಾಗುತ್ತಿರುತ್ತವೆ. ಉದ್ಯಾನದ ಜಾಲತಾಣ ನೋಡಿಯೇ ಹೊರಡಿ. ಕಣಿವೆಯೊಳಗೆ ಪೆಟ್ರೋಲ್ ಬಂಕ್ ಇಲ್ಲ, ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಟ್ಯಾಂಕ್ ತುಂಬಿಸಿ, ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಿ. ಬೆಳಿಗ್ಗೆ ಬೇಗ ತಲುಪಿ ಕಾರು ಒಂದೆಡೆ ನಿಲ್ಲಿಸಿದರೆ, ಆಮೇಲೆ ಉಚಿತ ಶಟಲ್ ಬಸ್ ಸಾಕು.

ಕೆಳಗಿನ ಜಲಪಾತಕ್ಕೆ 1.6 ಕಿ.ಮೀ. ಸುತ್ತುದಾರಿ. ಪಶ್ಚಿಮದ ಬದಿಯಿಂದ ಹೊರಡಿ: ಮೇಲಿನ ಧಾರೆ, ಕೆಳಗಿನ ಧಾರೆ ಒಂದರಡಿ ಒಂದು ಕಾಣುತ್ತವೆ. ಮಂಡಿನೋವಿನವರಿಗೆ, ಗಾಲಿಕುರ್ಚಿಯವರಿಗೆ ಪೂರ್ವದ ದಾರಿ ಹಿತ. ಮೇ ತಿಂಗಳಲ್ಲಿ ಕೆಳಗಿನ ಧಾರೆಯೆದುರಿನ ಸೇತುವೆ ಮೇಲೆ ನಿಂತವರು ತುಂತುರಿಗೆ ತೊಯ್ದೇ ಹೋಗುತ್ತಾರೆ, ಮಳೆಯಂಗಿ ಇರಲಿ. ಫೋಟೋ ಆಸೆಗೆ ಪಕ್ಕದ ಬಂಡೆಗಳಿಗೆ ಮಾತ್ರ ಕಾಲಿಡಬೇಡಿ. ನುಣುಪಾದ ಕಲ್ಲು, ಒದ್ದೆಯಾದರೆ ಹಿಡಿತವೇ ಸಿಗದು. ವಸಂತದ ಹುಣ್ಣಿಮೆಯಲ್ಲಿ ಉಳಿದುಕೊಂಡಿದ್ದರೆ, ಆಕಾಶ ತಿಳಿಯಾಗಿದ್ದರೆ, ಇದೇ ಸೇತುವೆಯಿಂದ ಬೆಳದಿಂಗಳ ಕಾಮನಬಿಲ್ಲು ಕಾಣಬಹುದು.

ತುದಿಗೆ ಹೋಗುವ ಆಸೆಯೇ? ಕ್ಯಾಂಪ್ 4 ಎಂಬ ಡೇರೆ ತಾಣದ ಬಳಿಯಿಂದ ಹೋಗಿಬರಲು 11.6 ಕಿ.ಮೀ., ಏರು 823 ಮೀಟರ್, ಆರರಿಂದ ಎಂಟು ಗಂಟೆ. ಬಿಸಿಲಿಗೆ ಎದುರಾದ ಗೋಡೆ ಅದು. ಎಲ್ಲರೂ ತುದಿ ಮುಟ್ಟಲೇಬೇಕೆಂದೇನೂ ಇಲ್ಲ. 1.6 ಕಿ.ಮೀ. ಹತ್ತಿದರೆ ಕೊಲಂಬಿಯಾ ರಾಕ್ ಎಂಬ ವೀಕ್ಷಣಾ ತಾಣ. ಅಲ್ಲಿಂದ ಇನ್ನೊಂದು 800 ಮೀಟರ್ ನಡೆದರೆ ಮೇಲಿನ ಧಾರೆ ಎದುರಿಗೇ ಬರುತ್ತದೆ. ನನ್ನ ಪ್ರಕಾರ ಅಲ್ಲಿಂದ ಮರಳುವುದು ಜಾಣತನ.

ಬುತ್ತಿಯ ಬಗ್ಗೆ ಒಂದು ಮಾತು. ಇದು ಕಪ್ಪು ಕರಡಿಗಳ ಕಾಡು. ಚಿತ್ರಾನ್ನ, ಚಕ್ಕುಲಿ ಡಬ್ಬಿಗಳನ್ನು ಕತ್ತಲಾದ ಮೇಲೆ ಕಾರಿನಲ್ಲಿ ಬಿಡುವಂತಿಲ್ಲ, ಅದು ಕಾನೂನು. ತಂಗುವವರು ಅಲ್ಲಿನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಬೇಕು. ಟೂತ್‌ಪೇಸ್ಟ್, ಸೋಪು ಸಹ ಅದರೊಳಗೇ.